ಮಂಡಿ ನೋವೂ ಬಾಟಲಿಯ ಮಾತ್ರೆಯೂ

(ಹೊಳೆನರಸೀಪುರ ತಾಲ್ಲೂಕಿನ ಕಲಿಕಾ ಕೇಂದ್ರದಲ್ಲಿ ಅಕ್ಕತಂಗಿಯರ ಮುಂದೆ ಆಡಿದ ಮಾತು)



ನೀವೆಲ್ಲ ಈಗ ಓದು ಕಲಿತಿದ್ದೀರಿ. ಬಸ್ಸಿನ ಬೋರ್ಡು ಓದುತ್ತೀರಿ. ಪಡಿತರ ಚೀಟಿ ಓದುತ್ತೀರಿ. ಬ್ಯಾಂಕಿನ ಪುಸ್ತಕದಲ್ಲಿ ಎಷ್ಟು ದುಡ್ಡಿದೆ ಅಂತ ನೀವೇ ನೋಡಿಕೊಳ್ಳುತ್ತೀರಿ. ಇವತ್ತು ನಾವು ಇನ್ನೊಂದನ್ನು ಓದೋಣ. ಅದು ಮಂಡಿ ನೋವಿಗೆ ಅಂತ ಮಾರುವ ಮಾತ್ರೆಯ ಬಾಟಲಿ.

ಮಂಡಿ ನೋವು ಯಾರಿಗೆ ಗೊತ್ತಿಲ್ಲ ಹೇಳಿ? ಚಾಪೆ ಮೇಲೆ ಕೂರುವಾಗ "ಅಯ್ಯಪ್ಪಾ" ಅಂತೀವಿ. ಏಳುವಾಗ "ಅವ್ವಾ" ಅಂತೀವಿ. ಮಂಡಿ ಹಿಡಿದುಕೊಂಡರೆ ನಾಟಿಗೆ ಹೋಗೋದಕ್ಕೆ ಆಗಲ್ಲ. ಕಳೆ ತೆಗೆಯೋದಕ್ಕೆ ಆಗಲ್ಲ. ಕೂಲಿ ತಪ್ಪುತ್ತದೆ. ಹಬ್ಬ ಬಂದರೆ ಮನೆ ಸಾರಿಸುವುದೂ ಕಷ್ಟ.

ಈ ಕಾಯಿಲೆ ನಮ್ಮೊಬ್ಬರದೇ ಅಲ್ಲ. ಬೆಂಗಳೂರೂ ಸೇರಿದಂತೆ ದೇಶದ ಐದು ಕಡೆ ಜನರ ಮಂಡಿ ಪರೀಕ್ಷೆ ಮಾಡಿದರು. ಅದರ ವರದಿ 2016ರಲ್ಲಿ ಪ್ರಕಟವಾಯಿತು. ನೂರು ಜನರಲ್ಲಿ ಸುಮಾರು 29 ಜನರಿಗೆ ಮಂಡಿ ಸವೆದಿತ್ತು. ಗಂಡಸರಿಗಿಂತ ಹೆಂಗಸರಲ್ಲಿ ಇದು ಹೆಚ್ಚು.

ನೋವು ಇದ್ದ ಕಡೆ ಮಾರುವವರೂ ಬರುತ್ತಾರೆ. "ಈ ಮಾತ್ರೆ ತಗೊಳ್ಳಿ, ಸವೆದ ಮಂಡಿ ಮತ್ತೆ ಬೆಳೆಯುತ್ತೆ" ಅಂತಾರೆ. ಇದು ನಿಜವೇ? ಬನ್ನಿ, ನಿಧಾನವಾಗಿ ನೋಡೋಣ.

ಮಂಡಿಯ ಒಳಗೆ ಏನಿದೆ?

ತೊಡೆಯ ಮೂಳೆ ಮೇಲಿಂದ ಬರುತ್ತದೆ. ಕಾಲಿನ ಮೂಳೆ ಕೆಳಗಿನಿಂದ ಬರುತ್ತದೆ. ಎರಡೂ ಮಂಡಿಯಲ್ಲಿ ಸೇರುತ್ತವೆ. ಮೂಳೆಗೆ ಮೂಳೆ ನೇರವಾಗಿ ಉಜ್ಜಿದರೆ ನೋವಾಗುತ್ತದೆ. ಅದಕ್ಕೇ ಎರಡೂ ಮೂಳೆಯ ತುದಿಗೆ ಒಂದು ಮೆತ್ತೆ ಇದೆ. ಕೋಳಿ ಕಾಲಿನ ಮೂಳೆಯ ತುದಿ ನೋಡಿದ್ದೀರಾ? ಬೆಳ್ಳಗೆ, ನುಣ್ಣಗೆ ಹೊಳೆಯುತ್ತದೆ. ಅದೇ ಮೆತ್ತೆ. ಪುಸ್ತಕದಲ್ಲಿ ಅದನ್ನು ಮೃದ್ವಸ್ಥಿ ಅಂತ ಬರೆಯುತ್ತಾರೆ. ನಾವು ಮೆದುಮೂಳೆ ಅನ್ನೋಣ.

ಎತ್ತಿನ ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಾಕುತ್ತಿದ್ದರು. ಎಣ್ಣೆ ಇಲ್ಲದಿದ್ದರೆ ಗಾಲಿ ಕಿರ್ ಅನ್ನುತ್ತದೆ. ನಮ್ಮ ಮಂಡಿಯಲ್ಲೂ ಎಣ್ಣೆಯ ಹಾಗೆ ಜಾರುವ ಒಂದು ದ್ರವ ಇದೆ. ಮೆದುಮೂಳೆಗೆ ರಕ್ತನಾಳ ಇಲ್ಲ. ಅದಕ್ಕೆ ಆಹಾರ ಬರುವುದು ಈ ದ್ರವದಿಂದಲೇ. ಅದು ಹೇಗೆ? ಒದ್ದೆ ಬಟ್ಟೆ ಹಿಂಡಿದರೆ ನೀರು ಹೊರಗೆ ಬರುತ್ತದೆ. ಬಿಟ್ಟು ನೀರಲ್ಲಿ ಅದ್ದಿದರೆ ಮತ್ತೆ ಹೀರಿಕೊಳ್ಳುತ್ತದೆ. ನಡೆಯುವಾಗ ಮೆದುಮೂಳೆಗೂ ಹಾಗೇ ಆಗುತ್ತದೆ. ಕಾಲೂರಿದಾಗ ಒತ್ತುತ್ತದೆ. ಎತ್ತಿದಾಗ ಹೀರುತ್ತದೆ. ಅಂದರೆ ಮೆದುಮೂಳೆಗೆ ಊಟ ಬಡಿಸುವುದು ನಮ್ಮ ನಡಿಗೆಯೇ. ಈ ಮಾತು ನೆನಪಿಡಿ. ಮುಂದೆ ಬೇಕಾಗುತ್ತದೆ.

ಮೆದುಮೂಳೆಗೆ ನೋವು ತಿಳಿಸುವ ನರವೂ ಇಲ್ಲ. ಆದ್ದರಿಂದ ಅದು ಸವೆಯಲು ಶುರುವಾದಾಗ ನಮಗೆ ಗೊತ್ತೇ ಆಗುವುದಿಲ್ಲ. ಗೊತ್ತಾಗುವ ಹೊತ್ತಿಗೆ ಬಹಳ ಸವೆದಿರುತ್ತದೆ. ಸವೆದದ್ದು ಚರ್ಮದ ಗಾಯದ ಹಾಗೆ ಬೇಗ ಕೂಡಿಕೊಳ್ಳುವುದಿಲ್ಲ.

ನಮಗೇ ಯಾಕೆ ಹೆಚ್ಚು?

ವಯಸ್ಸಾದಂತೆ ಮಂಡಿ ಸವೆಯುತ್ತದೆ. ಮುಟ್ಟು ನಿಂತ ಮೇಲೆ ಹೆಂಗಸರಲ್ಲಿ ಇದು ಜಾಸ್ತಿ. ಮೈತೂಕ ಹೆಚ್ಚಾದರೂ ಜಾಸ್ತಿ. ಹಿಂದೆ ಯಾವಾಗಲೋ ಮಂಡಿಗೆ ಪೆಟ್ಟು ಬಿದ್ದಿದ್ದರೂ ಜಾಸ್ತಿ.

ಇನ್ನೊಂದು ಕಾರಣ ನಮ್ಮ ಕೆಲಸ. ಕುಕ್ಕರಗಾಲಲ್ಲಿ ಕೂತು ಪಾತ್ರೆ ಬೆಳಗುತ್ತೇವೆ. ಕುಕ್ಕರಗಾಲಲ್ಲೇ ಕಳೆ ಕೀಳುತ್ತೇವೆ. ಹೇಮಾವತಿ ದಡದಲ್ಲಿ ಬಟ್ಟೆ ಒಗೆಯುತ್ತೇವೆ. ಹುಲ್ಲಿನ ಹೊರೆ, ಸೌದೆ ಹೊರೆ ಹೊರುತ್ತೇವೆ. ಚೀನಾ ದೇಶದ ಬೀಜಿಂಗ್ ನಗರದಲ್ಲೂ ಜನ ನಮ್ಮ ಹಾಗೇ ಕುಕ್ಕರಗಾಲಲ್ಲಿ ಕೂರುತ್ತಾರೆ. ಅಲ್ಲಿಯ ವಯಸ್ಸಾದ ಹೆಂಗಸರ ಮಂಡಿಯ ಫೋಟೋ ತೆಗೆದು ಅಮೆರಿಕದ ಹೆಂಗಸರ ಜೊತೆ ಹೋಲಿಸಿದರು. 2001ರಲ್ಲಿ ಅದರ ವರದಿ ಬಂತು. ಬೀಜಿಂಗ್‌ ಹೆಂಗಸರಲ್ಲೇ ಮಂಡಿ ಸವೆತ ಹೆಚ್ಚು ಇತ್ತು. ಪ್ರಾಯದಲ್ಲಿ ದಿನವೂ ಬಹಳ ಹೊತ್ತು ಕುಕ್ಕರಗಾಲಲ್ಲಿ ಕೂತವರಿಗೆ ಸವೆತ ಜಾಸ್ತಿ ಅಂತ 2004ರಲ್ಲಿ ಇನ್ನೊಂದು ವರದಿ ಹೇಳಿತು.

ಇದು ಯಾರ ಶಾಪವೂ ಅಲ್ಲ, ಕರ್ಮವೂ ಅಲ್ಲ. ದುಡಿದ ಮಂಡಿ ಅದು.

ಬಾಟಲಿಯಲ್ಲಿ ಏನಿದೆ?

ಮಂಡಿಯ ಬಾಟಲಿಯ ಮೇಲೆ ಹೆಚ್ಚಾಗಿ ಎರಡು ಹೆಸರು ಇರುತ್ತವೆ. ಒಂದು ಗ್ಲುಕೋಸಮೈನ್. ಇನ್ನೊಂದು ಕಾಂಡ್ರಾಯ್ಟಿನ್. ಹೆಸರು ಉದ್ದ. ಅಕ್ಷರ ಕೂಡಿಸಿ ಓದಿ. ಗ್ಲು-ಕೋ-ಸ-ಮೈನ್. ಕಾಂ-ಡ್ರಾಯ್-ಟಿನ್.

ಈ ಎರಡೂ ನಮ್ಮ ಮೆದುಮೂಳೆಯಲ್ಲಿ ಇರುವ ಪದಾರ್ಥಗಳೇ. ನಮ್ಮ ದೇಹವೇ ಅವನ್ನು ತಯಾರಿಸುತ್ತದೆ. ಬಾಟಲಿಗೆ ತುಂಬುವ ಗ್ಲುಕೋಸಮೈನನ್ನು ಹೆಚ್ಚಾಗಿ ಸೀಗಡಿ, ಏಡಿಯ ಚಿಪ್ಪಿನಿಂದ ತೆಗೆಯುತ್ತಾರೆ. ಕಾಂಡ್ರಾಯ್ಟಿನನ್ನು ದನ, ಹಂದಿ, ಶಾರ್ಕ್ ಮೀನು ಇಂಥವುಗಳ ಮೆದುಮೂಳೆಯಿಂದ ತೆಗೆಯುತ್ತಾರೆ. ಮಾಂಸ ತಿನ್ನದ ಅಕ್ಕಂದಿರು ಇದನ್ನು ತಿಳಿದಿರಬೇಕು. ಸೀಗಡಿ, ಏಡಿ ತಿಂದರೆ ಮೈ ತುರಿಸುವವರೂ ತಿಳಿದಿರಬೇಕು.

ಮಾರುವವರ ಲೆಕ್ಕ ಸುಲಭ. "ಮೆದುಮೂಳೆಯಲ್ಲಿ ಇರುವುದನ್ನೇ ತಿಂದರೆ ಮೆದುಮೂಳೆ ಬೆಳೆಯುತ್ತೆ" ಅಂತ. ಕೇಳೋದಕ್ಕೆ ಸರಿ ಅನ್ನಿಸುತ್ತದೆ. ಆದರೆ ಯೋಚನೆ ಮಾಡಿ. ಸೂರಿನ ಹೆಂಚು ಒಡೆದಿದೆ. ಅಂಗಳಕ್ಕೆ ಒಂದು ಗಾಡಿ ಹೆಂಚು ತಂದು ಸುರಿದೆವು. ಹೆಂಚು ತಾನಾಗಿ ಎದ್ದು ಹೋಗಿ ಸೂರಿನ ಮೇಲೆ ಕೂರುತ್ತದೆಯೇ? ಹೊಟ್ಟೆಗೆ ಹೋದದ್ದೆಲ್ಲ ನೇರವಾಗಿ ಮಂಡಿಗೆ ಹೋಗುವುದಿಲ್ಲ.

ಪರೀಕ್ಷೆ ಮಾಡಿ ನೋಡಿದ್ದಾರೆ

ಯೋಚನೆಯಿಂದ ಮಾತ್ರ ತೀರ್ಮಾನ ಮಾಡಬಾರದು. ಪರೀಕ್ಷೆ ಮಾಡಬೇಕು. ಡಾಕ್ಟರುಗಳು ಹೀಗೆ ಪರೀಕ್ಷೆ ಮಾಡುತ್ತಾರೆ. ಮಂಡಿ ನೋವಿನವರನ್ನು ಗುಂಪು ಮಾಡುತ್ತಾರೆ. ಒಂದು ಗುಂಪಿಗೆ ನಿಜವಾದ ಮಾತ್ರೆ ಕೊಡುತ್ತಾರೆ. ಇನ್ನೊಂದು ಗುಂಪಿಗೆ ಹುಸಿ ಮಾತ್ರೆ ಕೊಡುತ್ತಾರೆ. ಹುಸಿ ಮಾತ್ರೆ ನೋಡಲು ಹಾಗೇ ಇರುತ್ತದೆ. ಅದರಲ್ಲಿ ಮದ್ದು ಇರುವುದಿಲ್ಲ. ಯಾರಿಗೆ ಯಾವುದು ಸಿಕ್ಕಿತು ಅಂತ ಅವರಿಗೇ ಗೊತ್ತಿರುವುದಿಲ್ಲ. ಕೊನೆಗೆ ಎರಡೂ ಗುಂಪನ್ನು ಹೋಲಿಸುತ್ತಾರೆ.

2001ರಲ್ಲಿ ಬೆಲ್ಜಿಯಂ ದೇಶದಿಂದ ಒಂದು ವರದಿ ಬಂತು. 212 ಜನರನ್ನು ಮೂರು ವರ್ಷ ನೋಡಿದ್ದರು. ಗ್ಲುಕೋಸಮೈನ್ ತಗೊಂಡವರ ಮಂಡಿ ಕಡಿಮೆ ಸವೆದಂತೆ ಎಕ್ಸ್‌ರೇಯಲ್ಲಿ ಕಂಡಿತು. "ಈ ಮಾತ್ರೆ ಮೆದುಮೂಳೆಯನ್ನು ಕಾಪಾಡಬಹುದು" ಅನ್ನುವ ಮಾತಿಗೆ ಆಗ ಬಲ ಬಂತು. ಎಲ್ಲರಿಗೂ ಆಸೆ ಹುಟ್ಟಿತು.

ಆಮೇಲೆ ದೊಡ್ಡ ಪರೀಕ್ಷೆ ನಡೆಯಿತು. ಅಮೆರಿಕದಲ್ಲಿ 1,583 ಜನರ ಮೇಲೆ ಆರು ತಿಂಗಳು ನೋಡಿದರು. 2006ರಲ್ಲಿ ಫಲಿತಾಂಶ ಬಂತು. ಗ್ಲುಕೋಸಮೈನ್, ಕಾಂಡ್ರಾಯ್ಟಿನ್ ಎರಡನ್ನೂ ತಿಂದ ನೂರು ಜನರಲ್ಲಿ ಸುಮಾರು 67 ಜನಕ್ಕೆ ನೋವು ಕಡಿಮೆ ಆಯಿತು. ಭಾರಿ ಆಯಿತಲ್ಲ ಅಂತೀರಾ? ತಾಳಿ. ಹುಸಿ ಮಾತ್ರೆ ತಿಂದ ನೂರು ಜನರಲ್ಲೂ 60 ಜನಕ್ಕೆ ನೋವು ಕಡಿಮೆ ಆಗಿತ್ತು! ನಡುವಿನ ಅಂತರ ಬಹಳ ಸಣ್ಣದು. ಅದನ್ನು ಮಾತ್ರೆಯ ಗುಣ ಅಂತ ಹೇಳುವ ಹಾಗಿರಲಿಲ್ಲ. ನೋವು ಹೆಚ್ಚಾಗಿದ್ದ ಒಂದು ಚಿಕ್ಕ ಗುಂಪಿಗೆ ಮಾತ್ರ ಸ್ವಲ್ಪ ಉಪಯೋಗ ಕಂಡಿತು.

ಹುಸಿ ಮಾತ್ರೆಯಿಂದ ನೋವು ಹೇಗೆ ಇಳಿಯಿತು? ಮಂಡಿ ನೋವು ಏರುತ್ತದೆ, ಇಳಿಯುತ್ತದೆ. ನಾವು ಮದ್ದು ತರುವುದು ನೋವು ಏರಿದಾಗ. ಸ್ವಲ್ಪ ದಿನಕ್ಕೆ ನೋವು ತಾನೇ ಇಳಿಯುತ್ತದೆ. ಮದ್ದು ತಗೊಂಡೆ ಅನ್ನುವ ಧೈರ್ಯದಿಂದಲೂ ಇಳಿಯುತ್ತದೆ. ಹೆಸರು ಬರುವುದು ಮಾತ್ರೆಗೆ. "ನಮ್ಮ ಅತ್ತಿಗೆಗೆ ವಾಸಿಯಾಯಿತು" ಅನ್ನುವ ಮಾತು ಸುಳ್ಳಲ್ಲ. ಆದರೆ ವಾಸಿ ಮಾಡಿದ್ದು ಬಾಟಲಿಯೇ ಅಂತ ಅದರಿಂದ ಗೊತ್ತಾಗುವುದಿಲ್ಲ.

ಮೆದುಮೂಳೆ ಉಳಿಯಿತೇ ಅಂತಲೂ ನೋಡಿದರು. ಅದೇ ಅಮೆರಿಕದ ಪರೀಕ್ಷೆಯ 572 ಜನರನ್ನು ಎರಡು ವರ್ಷ ಎಕ್ಸ್‌ರೇ ಮಾಡಿದರು. 2008ರಲ್ಲಿ ವರದಿ ಬಂತು. ಹುಸಿ ಮಾತ್ರೆಗಿಂತ ಇದು ಹೆಚ್ಚು ಕಾಪಾಡಿತು ಅಂತ ತೋರಲಿಲ್ಲ. 2015ರಲ್ಲಿ ಆಸ್ಟ್ರೇಲಿಯಾದಿಂದ 605 ಜನರ ವರದಿ ಬಂತು. ಎರಡು ಮಾತ್ರೆಯನ್ನೂ ಒಟ್ಟಿಗೆ ಎರಡು ವರ್ಷ ತಿಂದವರ ಮಂಡಿ ಒಂಚೂರು ಕಡಿಮೆ ಸವೆದಿತ್ತು. ಆದರೆ ನೋವಿನಲ್ಲಿ ವ್ಯತ್ಯಾಸ ಇರಲಿಲ್ಲ. 2010ರಲ್ಲಿ ಹತ್ತು ಪರೀಕ್ಷೆಗಳ 3,803 ಜನರ ಲೆಕ್ಕ ಕೂಡಿಸಿ ನೋಡಿದ್ದರು. ರೋಗಿಗೆ ಗೊತ್ತಾಗುವಷ್ಟು ಉಪಯೋಗ ಇಲ್ಲ ಅಂದಿದ್ದರು. ಅಮೆರಿಕದ ಕೀಲು ಡಾಕ್ಟರುಗಳ ಸಂಘ 2019ರ ಸಲಹೆಯಲ್ಲಿ "ಮಂಡಿ ಸವೆತಕ್ಕೆ ಗ್ಲುಕೋಸಮೈನ್ ಬೇಡ" ಅಂತಲೇ ಹೇಳಿತು.

ಒಟ್ಟಿನಲ್ಲಿ ಏನು? "ಕಾಪಾಡಬಹುದು" ಅನ್ನುವ ಮಾತು ಇನ್ನೂ "ಬಹುದು" ಆಗಿಯೇ ಉಳಿದಿದೆ. ಸವೆದದ್ದನ್ನು ಮತ್ತೆ ಬೆಳೆಸುತ್ತದೆ ಅನ್ನುವುದಕ್ಕೆ ಆಧಾರ ಇಲ್ಲ. ಅಕ್ಕಂದಿರೇ, "ಬಹುದು" ಅನ್ನುವುದು ಮೂರೇ ಅಕ್ಷರ. ಓದುವಾಗ ಅದನ್ನು ಬಿಟ್ಟು ಓದಬೇಡಿ.

ಅರಿಶಿನ, ಶಲ್ಲಕಿ, ಕ್ಯಾಲ್ಸಿಯಂ

"ಅರಿಶಿನ ಒಳ್ಳೆಯದಲ್ಲವೇ?" ಅಂತ ಕೇಳುತ್ತೀರಿ. ಥಾಯ್ಲೆಂಡ್ ದೇಶದಲ್ಲಿ ಅರಿಶಿನದ ಸಾರವನ್ನು ಮಂಡಿ ನೋವಿನವರಿಗೆ ನಾಲ್ಕು ವಾರ ಕೊಟ್ಟರು. ನೋವಿನ ಮಾತ್ರೆಯಷ್ಟೇ ನೋವು ಇಳಿಯಿತು ಅಂತ 2014ರಲ್ಲಿ ವರದಿಯಾಯಿತು. ಆದರೆ ಅದು ಗಟ್ಟಿ ಸಾರ. ಸಾರಿಗೆ ಹಾಕುವ ಚಿಟಿಕೆ ಅರಿಶಿನ ಅಷ್ಟಾಗುವುದಿಲ್ಲ. ನಮ್ಮ ದೇಶದ ನಾಗಪುರದಲ್ಲಿ ಶಲ್ಲಕಿ ಮರದ ಅಂಟನ್ನು 30 ಜನರಿಗೆ ಕೊಟ್ಟು ನೋಡಿದರು. 2003ರಲ್ಲಿ ವರದಿ ಬಂತು. ನೋವು, ಊತ ಇಳಿದವು. ಇವು ಸ್ವಲ್ಪ ದಿನದ ಪರೀಕ್ಷೆಗಳು. ನೋವು ಇಳಿದದ್ದು ಕಂಡಿತು. ಮೆದುಮೂಳೆ ಬೆಳೆದದ್ದು ಕಾಣಲಿಲ್ಲ.

ಕ್ಯಾಲ್ಸಿಯಂ ಮಾತ್ರೆ ಮೂಳೆಗೆ. ಮೆದುಮೂಳೆಗೆ ಅಲ್ಲ. ಎರಡೂ ಬೇರೆ. ನಮ್ಮ ರಾಗಿಯಲ್ಲೇ ಕ್ಯಾಲ್ಸಿಯಂ ಬೇಕಾದಷ್ಟಿದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ. ಅಕ್ಕಿಯಲ್ಲಿ ಇರುವುದು ತೀರ ಕಡಿಮೆ. ಹಾಸನ ಸೀಮೆಯ ಮುದ್ದೆ, ಸೊಪ್ಪಿನ ಸಾರು ಬಿಡಬೇಡಿ. ಅದು ಮೂಳೆಗೆ ಒಳ್ಳೆಯದು. ಆದರೆ ಮುದ್ದೆಯಿಂದ ಮಂಡಿ ಸವೆತ ವಾಸಿಯಾಗುತ್ತದೆ ಅಂತಲೂ ನಾವು ಹೇಳುವುದಿಲ್ಲ.

ಬಾಟಲಿ ಓದುವ ಬಗೆ

ಬಾಟಲಿ ಕೈಗೆ ಬಂದರೆ ಇಷ್ಟು ನೋಡಿ. ಇಂಗ್ಲಿಷಿನಲ್ಲಿದ್ದರೆ ಮಕ್ಕಳ ಕೈಲಿ ಓದಿಸಿ.

1. ಒಳಗೆ ಏನಿದೆ? ಎಷ್ಟು ಮಿಲಿಗ್ರಾಂ ಇದೆ? ಪರೀಕ್ಷೆಗಳಲ್ಲಿ ದಿನಕ್ಕೆ ಗ್ಲುಕೋಸಮೈನ್ 1,500 ಮಿಲಿಗ್ರಾಂ, ಕಾಂಡ್ರಾಯ್ಟಿನ್ 1,200 ಮಿಲಿಗ್ರಾಂ ಕೊಟ್ಟಿದ್ದರು. ಬಾಟಲಿಯಲ್ಲಿ ಅಷ್ಟೂ ಇಲ್ಲದಿರಬಹುದು.

2. ತಯಾರಾದ ದಿನ ಯಾವುದು? ಅವಧಿ ಮುಗಿಯುವ ದಿನ ಯಾವುದು?

3. ಹಸಿರು ಗುರುತೋ, ಕಂದು ಗುರುತೋ? ಹಸಿರು ಸಸ್ಯಾಹಾರ. ಕಂದು ಮಾಂಸಾಹಾರ.

4. ಆಹಾರ ಪೂರಕ ಅಂತ ಮಾರುವ ಬಾಟಲಿಯ ಮೇಲೆ "ನಾಟ್ ಫಾರ್ ಮೆಡಿಸಿನಲ್ ಯೂಸ್" ಅಂತ ಬರೆದಿರಬೇಕು. ಇದು 2016ರ ಸರ್ಕಾರಿ ನಿಯಮ. ಇದರ ಅರ್ಥ, "ಔಷಧಿಯಾಗಿ ಬಳಸಲು ಅಲ್ಲ". ಬಾಯಲ್ಲಿ "ಮಂಡಿ ವಾಸಿಯಾಗುತ್ತೆ" ಅಂತಾರೆ. ಬಾಟಲಿ ಮೇಲೆ "ಔಷಧಿ ಅಲ್ಲ" ಅಂತ ಬರೆದಿರುತ್ತದೆ. ಯಾವುದನ್ನು ನಂಬಬೇಕು? ಓದು ಬಂದವಳಿಗೆ ಗೊತ್ತಾಗುತ್ತದೆ.

5. ಬೆಲೆ ಎಷ್ಟು? ಎಷ್ಟು ದಿನಕ್ಕೆ ಬರುತ್ತದೆ? ತಿಂಗಳಿಗೆ 600 ರೂಪಾಯಿ ಅಂತ ಇಟ್ಟುಕೊಳ್ಳಿ. 12 ತಿಂಗಳಿಗೆ 7,200 ರೂಪಾಯಿ. 2023ರಲ್ಲಿ ಶುರುವಾದ ಗೃಹಲಕ್ಷ್ಮಿಯ ದುಡ್ಡು ತಿಂಗಳಿಗೆ 2,000 ರೂಪಾಯಿ. ಅಂದರೆ ಮೂರೂವರೆ ತಿಂಗಳಿಗಿಂತ ಹೆಚ್ಚಿನ ಗೃಹಲಕ್ಷ್ಮಿ ದುಡ್ಡು ಒಂದು "ಬಹುದು"ಗೆ ಹೋಯಿತು. ಆ ದುಡ್ಡಿಗೆ ಮನೆಗೆ ಎಷ್ಟು ಬೇಳೆ, ಎಷ್ಟು ಮೊಟ್ಟೆ, ಎಷ್ಟು ಹಾಲು ಬರುತ್ತಿತ್ತು? ಲೆಕ್ಕ ಹಾಕಿ.

ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ತಿನ್ನುವವರು, ಸಕ್ಕರೆ ಕಾಯಿಲೆಯವರು ಡಾಕ್ಟರನ್ನು ಕೇಳದೆ ಇವನ್ನು ತಗೊಳ್ಳಲೇಬಾರದು.

ಹೆಸರಿಲ್ಲದ ಪುಡಿ ಬೇಡ

ಬಾಟಲಿಗಿಂತ ದೊಡ್ಡ ಅಪಾಯ ಇನ್ನೊಂದಿದೆ. ಸಂತೆಯಲ್ಲಿ, ಜಾತ್ರೆಯಲ್ಲಿ, ಮನೆ ಬಾಗಿಲಲ್ಲಿ ಪೊಟ್ಟಣ ಕಟ್ಟಿ ಕೊಡುವ ಪುಡಿ, ಗುಳಿಗೆ. ಅದರ ಮೇಲೆ ಹೆಸರಿಲ್ಲ, ದಿನಾಂಕ ಇಲ್ಲ. ಓದೋದಕ್ಕೆ ಏನೂ ಇಲ್ಲ. ಎರಡೇ ದಿನಕ್ಕೆ ನೋವು ಮಾಯ! ಇಂಥ ಪುಡಿಗಳಲ್ಲಿ ಸ್ಟೀರಾಯ್ಡ್ ಅನ್ನುವ ಬಲವಾದ ಔಷಧಿ ಬೆರೆಸಿರುವುದು ಎಷ್ಟೋ ಸಲ ಪತ್ತೆಯಾಗಿದೆ. ಅದನ್ನು ತಿಂಗಳುಗಟ್ಟಲೆ ತಿಂದರೆ ಮುಖ ಊದುತ್ತದೆ. ಸಕ್ಕರೆ ಏರುತ್ತದೆ. ಬಿ.ಪಿ. ಏರುತ್ತದೆ. ಮೂಳೆ ಟೊಳ್ಳಾಗುತ್ತದೆ. ಬಹಳ ದಿನ ತಿಂದು ಏಕಾಏಕಿ ಬಿಟ್ಟರೂ ಜೀವಕ್ಕೆ ಅಪಾಯ. ಈಗಾಗಲೇ ತಿನ್ನುತ್ತಿದ್ದರೆ ಹೆದರಬೇಡಿ. ಪೊಟ್ಟಣವನ್ನು ತಗೊಂಡು ಡಾಕ್ಟರ ಹತ್ತಿರ ಹೋಗಿ. ಹೇಗೆ ಬಿಡಬೇಕು ಅಂತ ಅವರು ಹೇಳುತ್ತಾರೆ.

ಅಂಗಡಿಯ ನೋವಿನ ಮಾತ್ರೆಯನ್ನೂ ದಿನಾ ನುಂಗಬೇಡಿ. ಹೊಟ್ಟೆಯಲ್ಲಿ ಹುಣ್ಣಾಗುತ್ತದೆ. ಮೂತ್ರಪಿಂಡ ಕೆಡುತ್ತದೆ.

ದುಡ್ಡಿಲ್ಲದ ಮದ್ದು

ಹಾಗಾದರೆ ಏನು ಮಾಡಬೇಕು? ಎಲ್ಲ ಡಾಕ್ಟರುಗಳೂ ಒಪ್ಪುವ ಮದ್ದು ಇದೆ. ಅದಕ್ಕೆ ದುಡ್ಡು ಬೇಡ.

ಒಂದು, ತೊಡೆಗೆ ಬಲ. ತೊಡೆಯ ಸ್ನಾಯು ಗಟ್ಟಿ ಇದ್ದರೆ ಮಂಡಿಯ ಭಾರ ಅದು ಹೊರುತ್ತದೆ. ಮಂಚದ ಮೇಲೆ ಕಾಲು ಚಾಚಿ ಕೂರಿ. ಮಂಡಿಯ ಕೆಳಗೆ ಟವೆಲ್ ಸುರುಳಿ ಮಾಡಿ ಇಡಿ. ಮಂಡಿಯಿಂದ ಟವೆಲನ್ನು ಕೆಳಕ್ಕೆ ಒತ್ತಿ. ತೊಡೆ ಬಿಗಿಯಾಗಬೇಕು. ಒಂದರಿಂದ ಹತ್ತರವರೆಗೆ ಎಣಿಸಿ. ಬಿಡಿ. ಹೀಗೆ ಹತ್ತು ಸಲ. ಆಮೇಲೆ ಇನ್ನೊಂದು ಕಾಲು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಕುರ್ಚಿಯಲ್ಲಿ ಅಥವಾ ಜಗುಲಿ ಅಂಚಲ್ಲಿ ಕೂತು ಕಾಲನ್ನು ನೇರ ಮಾಡಿ ಎತ್ತಿ. ಹತ್ತು ಎಣಿಸಿ. ಇಳಿಸಿ. ಇದೂ ಹತ್ತು ಸಲ. ಒಂದು ವಾರಕ್ಕೆ ಗುಣ ಕಾಣುವುದಿಲ್ಲ. ಎರಡು ತಿಂಗಳು ಬಿಡದೆ ಮಾಡಿ.

ಎರಡು, ನಡಿಗೆ. ಮೆದುಮೂಳೆಗೆ ಊಟ ಬಡಿಸುವುದು ನಡಿಗೆ ಅಂತ ಹೇಳಿದೆವಲ್ಲ? ನೋವು ಅಂತ ಮೂಲೆ ಹಿಡಿದು ಕೂರಬೇಡಿ. ಸಮತಟ್ಟು ದಾರಿಯಲ್ಲಿ ಆದಷ್ಟು ನಡೆಯಿರಿ. ಮಂಡಿ ಊದಿಕೊಂಡ ದಿನ ವಿಶ್ರಾಂತಿ ತಗೊಳ್ಳಿ.

ಮೂರು, ತೂಕ. ಮೈತೂಕ ಒಂದು ಕಿಲೋ ಇಳಿದರೆ ಒಂದೊಂದು ಹೆಜ್ಜೆಗೂ ಮಂಡಿಯ ಮೇಲೆ ನಾಲ್ಕು ಕಿಲೋ ಭಾರ ಇಳಿಯುತ್ತದೆ. ಐದು ಕಿಲೋ ಇಳಿದರೆ? 5 ನಾಲ್ಕಲ 20. ಹೆಚ್ಚುಕಡಿಮೆ ಎರಡು ಕೊಡ ನೀರಿನ ಭಾರ! ಇದು ದಪ್ಪ ಇರುವವರಿಗೆ ಹೇಳುವ ಮಾತು. ಸಣಕಲು ಇರುವವರು ಹೊಟ್ಟೆ ತುಂಬ ಉಣ್ಣಬೇಕು. ಎಲ್ಲರಿಗೂ ಬಡಿಸಿ, ಉಳಿದದ್ದು ತಿನ್ನುವ ಪದ್ಧತಿ ಬಿಡಬೇಕು.

ನಾಲ್ಕು, ಕೂರುವ ಬಗೆ. ಪಾತ್ರೆ ತೊಳೆಯಲು, ಬಟ್ಟೆ ಒಗೆಯಲು ಎತ್ತರದ ಕಟ್ಟೆ ಮಾಡಿಸಿಕೊಳ್ಳಿ. ಕಳೆ ಕೀಳುವಾಗ, ತರಕಾರಿ ಹೆಚ್ಚುವಾಗ ಮಣೆ ಹಾಕಿಕೊಳ್ಳಿ. ಮಣೆ ಎತ್ತರ ಇದ್ದಷ್ಟೂ ಮಂಡಿಗೆ ಸುಖ. ಅರ್ಧ ಗಂಟೆಗೊಮ್ಮೆ ಎದ್ದು ಕಾಲು ಚಾಚಿ. ಪಾಯಿಖಾನೆಗೆ ಕುರ್ಚಿಯಂಥ ಪೀಠ ಹಾಕಿಸಿ. ಮನೆಯ ಗಂಡಸರಿಗೂ ಇದನ್ನು ಹೇಳಿ. ಹೊರೆ ಹೊರುವ ಕೆಲಸ ಅವರೂ ಹಂಚಿಕೊಳ್ಳಲಿ.

ಐದು, ಕೋಲು. ಕೋಲು ಹಿಡಿಯಲು ನಾಚಿಕೆ ಬೇಡ. ಬಲಗಾಲು ನೋವಾದರೆ ಎಡಗೈಯಲ್ಲಿ ಹಿಡಿಯಿರಿ. ಎಡಗಾಲು ನೋವಾದರೆ ಬಲಗೈಯಲ್ಲಿ ಹಿಡಿಯಿರಿ.

ಎಲ್ಲ ಕೀಲುನೋವೂ ಒಂದೇ ಅಲ್ಲ

2006ರಲ್ಲಿ ನಮ್ಮ ರಾಜ್ಯಕ್ಕೆಲ್ಲ ಚಿಕೂನ್‌ಗುನ್ಯಾ ಬಂದಿತ್ತು. ನೆನಪಿದೆಯಾ? ಜ್ವರ ಹೋದರೂ ಕೀಲುನೋವು ತಿಂಗಳುಗಟ್ಟಲೆ ಹೋಗಲಿಲ್ಲ. ಅದು ಸೊಳ್ಳೆಯಿಂದ ಬಂದದ್ದು, ಸವೆತ ಅಲ್ಲ. ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನಲ್ಲಿ ಹಂದಿಗೋಡು ಅಂತ ಒಂದು ಊರಿದೆ. 1970ರ ದಶಕದಲ್ಲಿ ಅಲ್ಲಿಯ ಜನರಿಗೆ ಸೊಂಟದ ಕೀಲು, ಮಂಡಿ ಸೊಟ್ಟಗಾಗುವ ಕಾಯಿಲೆ ಕಂಡಿತು. ಮೊದಲು ಊಟದಿಂದ ಅಂತ ಅನುಮಾನಪಟ್ಟರು. ಆಮೇಲೆ ಅದು ವಂಶದಲ್ಲಿ ಬರುವ ಕಾಯಿಲೆ ಅಂತ ಗೊತ್ತಾಯಿತು. ಆದ್ದರಿಂದ ಮೊದಲು ಯಾವ ಕಾಯಿಲೆ ಅಂತ ತಿಳಿಯಬೇಕು. ಆಮೇಲೆ ಮದ್ದು.

ಇಂಥ ಲಕ್ಷಣ ಕಂಡರೆ ತಡ ಮಾಡಬೇಡಿ:

ಬೆಳಿಗ್ಗೆ ಎದ್ದಾಗ ಕೈ ಬೆರಳು ಬಿಗಿದು, ಒಂದು ಗಂಟೆಯಾದರೂ ಸಡಿಲವಾಗದಿದ್ದರೆ,

ಮಂಡಿ ಕೆಂಪಾಗಿ, ಬಿಸಿಯಾಗಿ, ಊದಿ ಜ್ವರ ಬಂದರೆ,

ಬಿದ್ದ ಮೇಲೆ ಕಾಲೂರಲು ಆಗದಿದ್ದರೆ,

ರಾತ್ರಿ ನಿದ್ದೆ ಬಾರದಷ್ಟು ನೋವಿದ್ದರೆ.

ಹೊಳೆನರಸೀಪುರದಲ್ಲಿ ತಾಲ್ಲೂಕು ಆಸ್ಪತ್ರೆ ಇದೆ. ಹಾಸನದಲ್ಲಿ ಚಾಮರಾಜೇಂದ್ರ ಆಸ್ಪತ್ರೆ ಇದೆ. ಅದಕ್ಕೆ ಸೇರಿದ ವೈದ್ಯಕೀಯ ಕಾಲೇಜು 2006ರಲ್ಲಿ ಶುರುವಾಯಿತು. ಅಲ್ಲಿ ಮೂಳೆ ಡಾಕ್ಟರು ಇದ್ದಾರೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸಿಗೆ ನಮಗೆ ಟಿಕೆಟ್ ದುಡ್ಡಿಲ್ಲ. ಸಂತೆಗೆ ಹೋಗುತ್ತೇವೆ, ದೇವಸ್ಥಾನಕ್ಕೆ ಹೋಗುತ್ತೇವೆ. ನಮ್ಮ ಮಂಡಿಗೋಸ್ಕರವೂ ಒಂದು ಸಲ ಹೋಗೋಣ. ಮಂಡಿ ತೀರ ಸವೆದಿದ್ದರೆ ಬದಲಿ ಮಂಡಿ ಹಾಕುವ ಆಪರೇಷನ್ ಇದೆ. ಅದರ ಬಿಡಿಭಾಗದ ಬೆಲೆಗೆ ಸರ್ಕಾರ 2017ರಲ್ಲಿ ಮಿತಿ ಹಾಕಿತು. ಪಡಿತರ ಚೀಟಿ ಇರುವವರು ಸರ್ಕಾರದ ನೆರವು ಸಿಗುತ್ತದೆಯೇ ಅಂತ ಆಸ್ಪತ್ರೆಯಲ್ಲೇ ಕೇಳಿ. ಕೇಳಲು ಸಂಕೋಚ ಬೇಡ.

ತಾಯಂದಿರೇ, ಸವೆದ ಮಂಡಿ ಹೊಸದಾಗುವುದಿಲ್ಲ. ಆದರೆ ಇರುವ ಮಂಡಿಯಲ್ಲಿ ನೋವು ಕಡಿಮೆ ಮಾಡಿಕೊಂಡು ಬಾಳಬಹುದು. ಇಲ್ಲಿ ನಾವೂ "ಬಹುದು" ಅಂದೆವು. ಆದರೆ ಈ "ಬಹುದು"ಗೆ ದುಡ್ಡು ಕೊಡಬೇಕಾಗಿಲ್ಲ. ಇವತ್ತು ಸಂಜೆಯೇ ಮಂಚದ ಮೇಲೆ ಕೂತು ಹತ್ತು ಎಣಿಸಿ ನೋಡಿ.



ಓದಿ, ಮಾತಾಡಿ

1. ಮೆದುಮೂಳೆಗೆ ಆಹಾರ ಎಲ್ಲಿಂದ ಬರುತ್ತದೆ?

2. ಹುಸಿ ಮಾತ್ರೆ ತಿಂದವರಿಗೂ ನೋವು ಯಾಕೆ ಇಳಿಯಿತು?

3. ನಿಮ್ಮ ಮನೆಯಲ್ಲಿರುವ ಒಂದು ಔಷಧಿ ಬಾಟಲಿ ತನ್ನಿ. ಅದರ ಹೆಸರು, ದಿನಾಂಕ, ಬೆಲೆ ಓದಿ ಬರೆಯಿರಿ.

4. ನಿಮ್ಮ ಮನೆಯಲ್ಲಿ ಕುಕ್ಕರಗಾಲಲ್ಲಿ ಕೂತು ಮಾಡುವ ಕೆಲಸ ಯಾವುವು? ಅವನ್ನು ಬೇರೆ ರೀತಿ ಹೇಗೆ ಮಾಡಬಹುದು?